ತೌಡಿನ ಕೊಟ್ಟಿಗೆ, ಹುಳದ ಮನೆ

ಗುಡ್ಡದ ಪೈನ್ ಮರಗಳನ್ನೆಲ್ಲ ಕಂಬಳಿಹುಳ ಮೇಯ್ದು, ಬೆಂಕಿ ಬಿದ್ದ ಹಾಗೆ ಕೆಂಪಾಗಿದ್ದ ವರ್ಷ ಅದು. ವಸಂತದ ಕೊನೆ, ಬೆಳಗಿನ ಸೊಪ್ಪು ಹಾಕುವ ಹೊತ್ತು. ತಟ್ಟೆ ಎಳೆದ ಮುದುಕಿ ಯಿನ್‌ಡಿ ಹಾಗೇ ನಿಂತುಬಿಟ್ಟಳು. ನಾಲ್ಕನೇ ಜ್ವರ ಎದ್ದು, ಕೊನೆಯ ಪೊರೆ ಕಳಚಿ, ಇನ್ನೈದು ದಿನಕ್ಕೆ ಗೂಡು ಕಟ್ಟಬೇಕಿದ್ದ ರೇಷ್ಮೆ ಹುಳಗಳು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಸೆಟೆದು ಸತ್ತಿದ್ದವು. ಒಂದು ತಟ್ಟೆಯಲ್ಲ, ಹನ್ನೊಂದು.

ಹುಳಗಳನ್ನು ಕೊಂದ ಆ ಬಿಳಿ ಬೂಷ್ಟು ಎಲ್ಲಿಯದೆಂದು ಊರಿಗೇ ಗೊತ್ತು. ಹಳ್ಳದಾಚೆಯ ಕೊಟ್ಟಿಗೆಯಲ್ಲಿ ಯಿನ್‌ಡಿಯ ಸೊಸೆ ತ್ಸೈಪಿಂಗ್ ಭತ್ತದ ತೌಡು, ಗೋಧಿ ಬೂಸಾ ಬೇಯಿಸಿ ಹರಡಿ, ಕಂಬಳಿಹುಳ ಕೊಲ್ಲಲೆಂದು ಬೆಳೆಸುತ್ತಿದ್ದದ್ದು ಅದನ್ನೇ. ಅದಕ್ಕೆ ಕಂಬಳಿಹುಳವೂ ಒಂದೇ, ರೇಷ್ಮೆ ಹುಳವೂ ಒಂದೇ. ಹಾಗಾಗಿ ಹುಳ ಸಾಕುವ ತಿಂಗಳಿಡೀ ಅವಳು ಮನೆಗೆ ಕಾಲಿಡುವಂತಿಲ್ಲ. ಅವಳ ಅನ್ನದ ಬಟ್ಟಲನ್ನೂ ಅತ್ತೆಯೇ ಹಳ್ಳದ ಕಲ್ಲಿನ ಮೇಲೆ ಇಟ್ಟು ಬರಬೇಕು.

ಊರಿನ ಬೇಸಾಯದ ದಳದ ಮುಖಂಡ ಬಾವೊಗೆನ್ ಯಿನ್‌ಡಿಯ ಜೊತೆ ಹಳ್ಳದ ದಡದಲ್ಲಿ ನಿಂತು ಕೊಟ್ಟಿಗೆಯ ಕಡೆ ಕೂಗಿದ. "ಏನಮ್ಮಾ, ಗಂಡನ್ನ ಬಿಟ್ಟಿರಕ್ಕಾಗ್ಲಿಲ್ವಾ? ಮನೆಗೆ ಬಂದಿದ್ಯಾ?"

ತ್ಸೈಪಿಂಗ್ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. "ಹೂಂ, ಬಂದಿದ್ದೆ."

"ಹೆಂಗೆ ಹೇಳ್ತಾಳೆ ನೋಡು! ಇವತ್ತೇ ಕೊಟ್ಟಿಗೆಗೆ ಬೀಗ ಜಡಿಸ್ತೀನಿ."

"ಸುಮ್ನಿರೋ ಬಾವೊಗೆನ್," ಯಿನ್‌ಡಿ ಮುಂದೆ ಬಂದಳು. "ನನ್ನ ಉಳಿಸೋಕೆ ಅವಳು ಸುಳ್ಳು ಹೇಳ್ತಿದಾಳೆ. ಅನ್ನ ಇಡೋಕೆ ಹೋದಾಗ ಅವಳ ಹತ್ತಿ ತುಂಬಿದ ಅಂಗಿ ಹಳ್ಳದ ಪಕ್ಕದ ಬೇಲಿ ಮೇಲಿತ್ತು. ಮೊಣಕೈ ಹರಿದು ಹತ್ತಿ ಈಚೆ ಬಂದಿತ್ತು. ರಾತ್ರಿ ಇನ್ನೂ ಚಳಿ ಬೇರೆ. ಮನೆಗೆ ತಂದು ಹೊಲಿದೆ, ತಿರುಗಿ ಅಲ್ಲೇ ಇಟ್ಟೆ. ಹೊಲಿಗೆ ನೋಡೇ ಅವಳಿಗೆ ಗೊತ್ತಾಗಿದೆ, ತಂದೋಳು ನಾನು ಅಂತ."

"ನಲವತ್ತು ವರ್ಷ ಹುಳ ಸಾಕಿದೋಳು ನೀನು!"

"ಒಗೆದಿದ್ದೆ ಕಣೋ. ಎರಡು ಸಲ ಒಗೆದಿದ್ದೆ."

ಹುಳಕ್ಕೆ ಈ ಸುಣ್ಣಕಟ್ಟು ರೋಗ ಅಂಟಿಸಿದ ಕೈ ಮೂರು ವರ್ಷ ಹುಳ ಮುಟ್ಟಬಾರದು ಎಂಬುದು ಊರಿನ ಕಟ್ಟಳೆ. ಅದನ್ನು ಯಾರೂ ಯಿನ್‌ಡಿಗೆ ಹೇಳಬೇಕಿರಲಿಲ್ಲ. ಎಷ್ಟೋ ಜನಕ್ಕೆ ಅವಳೇ ಹೇಳಿದ್ದಳು.

ಹುಳದ ಮನೆ ಬಿಟ್ಟು ಅವಳು ಹೊರಟದ್ದು ಗೋಧಿ ಕೊಯ್ಲು ಶುರುವಾದ ದಿನ. ಹಾಸಿಗೆ ಸುರುಳಿ ಹೊತ್ತು ಹಳ್ಳ ದಾಟಿದಳು. ಕೊಟ್ಟಿಗೆಯ ಬಾಗಿಲಲ್ಲಿ ಅಳುತ್ತ ನಿಂತಿದ್ದ ಸೊಸೆಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ಬೆಳ್ಳಗೆ ಹೆಪ್ಪುಗಟ್ಟಿದ ತೌಡಿನೊಳಗೆ ಮಣಿಕಟ್ಟಿನವರೆಗೆ ಕೈ ಇಳಿಬಿಟ್ಟು, ಕಣ್ಣು ಮುಚ್ಚಿ ಬಿಸಿ ನೋಡಿದಳು.

"ಕಾವು ಜಾಸ್ತಿಯಾಗಿದೆ ಕಣೇ," ಅಂದಳು. "ಕಿಟಕಿ ತೆಗಿ."