ಗಂಟು ಹಾಕದ ಮುಡಿಪು

ಆಪರೇಷನ್ ಥಿಯೇಟರಿನೊಳಗೆ ಶಾರ್ವರಿಯ ಮಗಳಿದ್ದಳು. ದೇವರನ್ನು ನಂಬಿದರೂ ಗುಡಿಗೆ ಹೋಗದ, ಹರಕೆ ಹೊರದ ಶಾರ್ವರಿ ಹೊರಗೆ ಕಣ್ಣು ಮುಚ್ಚಿ ನಿಂತಿದ್ದಳು. ಪಕ್ಕದಲ್ಲಿ ಅತ್ತೆ ಹಳದಿ ಬಟ್ಟೆಯ ಚೂರಿನಲ್ಲಿ ಮುಡಿಪಿನ ನಾಣ್ಯವಿಟ್ಟುಕೊಂಡು ಕೂತಿದ್ದರು. ಇನ್ನೂ ಗಂಟು ಹಾಕಿರಲಿಲ್ಲ.

ನರ್ಸ್ ಹೊರಬಂದು, "ಇನ್ನೂ ರಕ್ತ ಬೇಕು" ಎಂದು ಓಡಿದಳು.

ಶಾರ್ವರಿ ಅತ್ತೆಯ ಪಕ್ಕ ಬಂದು ಕೂತಳು. "ಕಟ್ಟಿಬಿಡಿ ಅತ್ತೆ. ಉರುಳುಸೇವೆ ಬೇಕಾದ್ರೂ ಮಾಡ್ತೀನಿ."

"ಗುಡಿ ಮೆಟ್ಟಿಲು ಹತ್ತದೋಳು ಉರುಳ್ತೀಯಾ? ಯಾರ ಹೆಸರಲ್ಲಿ ಕಟ್ಲಿ?"

"ನಿಮ್ಮ ಮನೆದೇವರ ಹೆಸರಲ್ಲೇ ಕಟ್ಟಿ."

"ನನ್ನ ಮಗ ಇದೇ ಬಾಗಿಲೊಳಗಿದ್ದಾಗ ಆ ದೇವರಿಗೂ ಕಟ್ಟಿದ್ದೆ, ಉಳಿದ ದೇವರಿಗೆಲ್ಲ ಕಟ್ಟಿದ್ದೆ. ಹೆಣ ಹೊರಗೆ ಬಂತು."

ಅತ್ತೆ ಬಟ್ಟೆಯನ್ನು ಸೊಸೆಯ ಅಂಗೈಯಲ್ಲಿಟ್ಟರು.

"ನಿನ್ನ ದೇವರಿಗೆ ಹೇಗೆ ಕಟ್ಟೋದು, ಹೇಳಮ್ಮಾ."