ನಗು ಕೇಳಿಸದ ಕೋಣೆ

ಆ ಊರಿನಲ್ಲಿ ಮದುವೆಯಾದವರ ಮನೆಯೆಲ್ಲ ಹಾಸ್ಯ ಧಾರಾವಾಹಿಯಾಗಿ ಪ್ರಸಾರವಾಗುತ್ತಿತ್ತು. ಗಂಡ ಹೆಂಡತಿ ಏನು ಮಾತಾಡಿದರೂ ವೀಕ್ಷಕರ ನಗು ಅಲ್ಲೇ ಸೂರಿನಿಂದ ಕೇಳಿಸುತ್ತಿತ್ತು. ವಸುಮತಿ-ನರಹರಿ ದಂಪತಿಯ ಮನೆಗಂತೂ ಹನ್ನೊಂದು ವರ್ಷದಿಂದ ಭರ್ಜರಿ ನಗು. ಆದರೂ ಒಂದು ದಿನ ವಸುಮತಿ ತವರಿಗೆ ಹೊರಟು ನಿಂತಳು. ಒಮ್ಮೆ ಆಪ್ತ ಸಮಾಲೋಚಕಿಯನ್ನು ನೋಡಿಬಿಡೋಣವೆಂದು ನರಹರಿ ಅವಳನ್ನು ಒಪ್ಪಿಸಿದ.

ಸಮಾಲೋಚಕಿ ಲೀಲಾವತಿಯವರ ಕೋಣೆಗೆ ಮಾತ್ರ ಪ್ರಸಾರದ ಸಂಪರ್ಕವಿರಲಿಲ್ಲ.

"ಮನೇಲಿ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿ ಸಾರ್," ಎಂದರು ಅವರು.

ನರಹರಿ ಹುಮ್ಮಸ್ಸಿನಿಂದ ಶುರುಮಾಡಿದ. "ಇವಳು ಮಾಡೋ ಉಪ್ಪಿಟ್ಟಿಂದ ಗೋಡೆಗೆ ಗಾರೆ ಬಳೀಬಹುದು ಮೇಡಂ. ಇವಳ ತಲೇಲೂ ಅದೇ ತುಂಬಿರೋದು!"

ಅಭ್ಯಾಸದಂತೆ ಮಾತು ನಿಲ್ಲಿಸಿ ಮೇಲೆ ನೋಡಿದ. ಸೂರು ಸುಮ್ಮನಿತ್ತು. ತನ್ನ ಮಾತು ತನಗೇ ಮೊದಲ ಸಲ ಪೂರ್ತಿ ಕೇಳಿಸಿ ಅವನ ಕಿವಿ ಬಿಸಿಯಾಯಿತು.

"ದಿನಾ ಹೀಗೇ ಕೇಳಿಸ್ತಿತ್ತಾ ನಿಂಗೆ?"

"ಹೂಂ ರೀ. ಅದರ ಮೇಲೆ ನಾಲ್ಕು ಸಾವಿರ ಜನರ ನಗು ಬೇರೆ."

"ತಪ್ಪಾಯ್ತು ಕಣೇ. ನಾಳೆಯಿಂದ ತಿಂಡಿ ನಾನೇ ಮಾಡ್ತೀನಿ."

"ಅಯ್ಯೋ, ನೀವಾ? ಮೊದಲು ಸ್ಟವ್ ಹಚ್ಚೋದು ಹೇಗೆ ಅಂತ ಗೊತ್ತೇನ್ರೀ?" ಎನ್ನುತ್ತಾ ವಸುಮತಿ ಕಿಸಕ್ಕನೆ ನಕ್ಕಳು.

ಇಷ್ಟು ವರ್ಷ ಆ ಗದ್ದಲದಲ್ಲಿ ಅವಳ ನಗು ಒಮ್ಮೆಯೂ ಇರಲಿಲ್ಲವೆಂಬುದು ನರಹರಿಗೆ ಆಗ ಹೊಳೆಯಿತು.