ಗುಟ್ಟಿನ ಸಂಬಳ

"ಅಣ್ಣಾ, ಸಚ್ ಬೋಲೋ. ನಮ್ಮ ಟೀಮ್‌ನ್ಯಾಗ ಎಲ್ಲಾರಿಗಿಂತ ಜಾಸ್ತಿ ಪಗಾರ ಯಾರದು?"

ಕ್ಯಾಪ್ಟನ್ ಚನ್ನು ಹೀಗೆ ಕೇಳಿದ್ದೇ ತಡ, ಡೊಂಬಿವಲಿಯ ತನ್ನ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಹೃಷೀಕೇಶನ ಕೈಯಲ್ಲಿದ್ದ ಚಹಾ ಬಾಯಿಯ ದಾರಿ ಮರೆತು ನಡುವೆಯೇ ನಿಂತಿತು. ಚನ್ನುವಿನ ಹಿಂದೆ, ಹೃಷೀಕೇಶನೇ ನಡೆಸುವ ಫುಟ್‌ಬಾಲ್ ಕ್ಲಬ್ಬಿನ ಉಳಿದ ಹತ್ತೂ ಆಟಗಾರರು ಫ್ರೀ ಕಿಕ್ಕಿಗೆ ಅಡ್ಡ ಕಟ್ಟಿದ ಗೋಡೆಯಂತೆ ನಿಂತಿದ್ದರು. ಮರುದಿನವೇ ಫೈನಲ್.

ಸಂಬಳದ ಖರ್ಚು ಹಿಡಿತದಲ್ಲಿಡಲು ಹೃಷೀಕೇಶ ಹೋಟೆಲಿನ ಹಳೆಯ ಮದ್ದನ್ನೇ ಕ್ಲಬ್ಬಿಗೂ ಅರೆದಿದ್ದ. ಸಂಬಳ ಏರಿಸಿ ಎಂದು ಬಂದವನನ್ನು ಪಾತ್ರೆ ತೊಳೆಯುವ ಮೂಲೆಗೆ ಕರೆದೊಯ್ದು, ಹೆಗಲ ಮೇಲೆ ಕೈಯಿಟ್ಟು, "ಎಲ್ಲರಿಗಿಂತ ಹೆಚ್ಚು ನಿನಗೇ ಕೊಡುವುದು ಮಾರಾಯ, ಯಾರ ಹತ್ರವೂ ಹೇಳಬೇಡ" ಎನ್ನುತ್ತಿದ್ದ. ಕೇಳಿದವನು ಎದೆಯುಬ್ಬಿಸಿಕೊಂಡು ಹೋಗುತ್ತಿದ್ದ. ದೋಸೆಯವನಿಂದ ಹಿಡಿದು ಇಡೀ ಅಡುಗೆಮನೆ ಈ ಒಂದು ಮಾತಿನ ಮೇಲೆ ವರ್ಷಗಟ್ಟಲೆ ನಡೆದಿತ್ತು. ಆದರೆ ಅಡುಗೆಯವರಿಗೆ ಹರಟೆಗೆ ಪುರುಸೊತ್ತಿಲ್ಲ. ಆಟಗಾರರೋ ಒಂದೇ ಲೋಕಲ್ ಟ್ರೇನಿನಲ್ಲಿ ಮೈಗೆ ಮೈ ಅಂಟಿಸಿಕೊಂಡು ಬರುವವರು. ಇವತ್ತು ಕಲ್ಯಾಣದಲ್ಲಿ ಹತ್ತಿ ಡೊಂಬಿವಲಿಯಲ್ಲಿ ಇಳಿಯುವಷ್ಟರಲ್ಲಿ ಹನ್ನೊಂದು ಜನರ ಗುಟ್ಟೂ ಒಂದೇ ಎಂದು ಬಯಲಾಗಿತ್ತು.

"ಎಲ್ಲರಿಗೂ ಒಂದೇ," ಹೃಷೀಕೇಶ ಒಪ್ಪಿಕೊಂಡ. "ಇರುವ ದುಡ್ಡೇ ಅಷ್ಟು. ಒಬ್ಬೊಬ್ಬನಿಗೆ ಒಂದೊಂದು ನಮೂನೆ ಕೊಟ್ಟರೆ ಒಬ್ಬ ಇನ್ನೊಬ್ಬನಿಗೆ ಬಾಲ್ ಪಾಸ್ ಮಾಡ್ತಾನಾ?"

"ಹಂಗಾದ್ರ ನಾಳೆ ನಾವು ಆಡೂದಿಲ್ಲ," ಅಂದ ಚನ್ನು. "ಘೋಡಬಂದರ್ ರೋಡಿನ ಕ್ಲಬ್ಬಿನವ್ರು ನನಗ ಆಫರ್ ಕೊಟ್ಟಾರ."

ಫೈನಲ್‌ಗೆ ತಂಡ ಇಳಿಯದಿದ್ದರೆ ಕ್ಲಬ್ಬನ್ನು ಲೀಗಿನಿಂದಲೇ ಕಿತ್ತುಹಾಕುತ್ತಾರೆ. ಆದರೂ ವ್ಯಾಪಾರದವನ ಕಿವಿ ಸುಮ್ಮನಿರುತ್ತದೆಯೇ?

"ಎಂತ ಹೇಳಿದರು ಅವರು?"

"ಎಲ್ಲಾರಿಗಿಂತ ಜಾಸ್ತಿ ನನಗ..." ಚನ್ನು ಅರ್ಧಕ್ಕೆ ನಿಲ್ಲಿಸಿದ.

"ಯಾರಿಗೂ ಹೇಳಬೇಡ ಅಂದ್ರಾ?" ಹಿಂದಿನಿಂದ ದಿಲೀಪ ಕೂಗಿದ. "ಅರೇ, ನನಗೂ ಸೇಮ್ ಟು ಸೇಮ್!"

ಗೋಡೆ ಬಿರುಕು ಬಿಟ್ಟಿತು. ಒಬ್ಬೊಬ್ಬನೂ ಪಕ್ಕದವನ ಮುಖ ನೋಡಿದ. ಹತ್ತು ಜನಕ್ಕೆ ಆ ಫೋನು ಬಂದಿತ್ತು. ಉಳಿದವರನ್ನು ಬಿಟ್ಟು ಹೋಗಲು ಹತ್ತೂ ಜನ ಒಳಗೊಳಗೇ ಹೂಂ ಅಂದಿದ್ದರು.

"ನನ್ನ ಚಟ್ನಿಯ ಗುಟ್ಟು ಕದ್ದಿದ್ದರೂ ಸಹಿಸ್ತಿದ್ದೆ, ನನ್ನ ಈ ಮಾತನ್ನೇ ಕದ್ದರಲ್ಲ, ಕಳ್ಳರು," ಎಂದು ಹೃಷೀಕೇಶ ಗೊಣಗಿದ.

ಗೋಲ್‌ಕೀಪರ್ ಸಾತ್ವಿಕ ಸಾಲು ಬಿಟ್ಟು ಮುಂದೆ ಬಂದ. ಸೆಮಿಫೈನಲ್‌ನಲ್ಲಿ ಕಾಲ ಸಂದಿಯಿಂದ ಚೆಂಡು ಬಿಟ್ಟು, ತಂಡದವರಿಂದಲೇ 'ಟೋಲ್ ನಾಕಾ' ಎಂದು ಹೆಸರು ಪಡೆದವನು.

"ನಂಗೆ ಯಾರ ಫೋನೂ ಬಂದಿಲ್ಲ," ಎಂದ.

ಯಾರೂ ನಗಲಿಲ್ಲ.

"ಹಾಗಾಗಿ ನಾಳೆ ಗೋಲಲ್ಲಿ ನಾನಂತೂ ಇರ್ತೇನೆ. ನನ್ನ ಮುಂದೆ ಯಾರ್ಯಾರು ಇರ್ತೀರಿ? ಅಷ್ಟು ಹೇಳಿ, ಸಾಕು." ಅಂದವನೇ ಹೋಗಿ ಉದ್ದನೆಯ ಮೇಜಿನ ತುದಿಯಲ್ಲಿ ಕುಳಿತುಬಿಟ್ಟ.

ಚನ್ನು ಕುರ್ಚಿಯೊಂದನ್ನು ಎಳೆದುಕೊಂಡು ಅವನ ಪಕ್ಕ ಕುಳಿತ. ಆಮೇಲೆ ದಿಲೀಪ. ಆಮೇಲೆ, ಒಬ್ಬರ ಕಣ್ಣು ಒಬ್ಬರು ತಪ್ಪಿಸುತ್ತಾ, ಮಿಕ್ಕವರೆಲ್ಲ.

ಹೋಟೆಲು ಹಾಕಿದಂದಿನಿಂದ ಇದೇ ಮೊದಲ ಸಲ, ಬಂದು ಕುಳಿತವರನ್ನು "ಏನು ಬೇಕು?" ಎಂದು ಕೇಳುವ ಧೈರ್ಯ ಹೃಷೀಕೇಶನಿಗೆ ಬರಲಿಲ್ಲ.